ಅಣ್ಣನ ಶ್ವಾಸಕೋಶದಲ್ಲಿ ನೀರುಗುಳ್ಳೆ ಅಂತೆ, ಸೂಜಿ ಹಾಕಿ ನೀರು ತೆಗೆಸಬಹುದಾ?

ಹಿರಿಯೂರಿನ ತಂಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನನ್ನ ಅಣ್ಣನಿಗೆ 36 ವರ್ಷ. ಹಿರಿಯೂರು ತಾಲ್ಲೂಕಿನ ಹಳ್ಳಿ, ಎಪ್ಪತ್ತು ಕುರಿ ಇವೆ, ಜೊತೆಗೆ ಸ್ವಲ್ಪ ಹೊಲ. ಬೀಡಿ, ಕುಡಿತ ಏನೂ ಇಲ್ಲ. ಯುಗಾದಿ ಹೊತ್ತಿಗೆ ಒಣಕೆಮ್ಮು ಶುರುವಾಯಿತು, ಧೂಳಿಗೆ ಅಂತ ಸುಮ್ಮನಿದ್ದ. ಆಮೇಲೆ ಬಲಗಡೆ ಪಕ್ಕೆಯಲ್ಲಿ ಏನೋ ಭಾರ, ದಿಣ್ಣೆ ಹತ್ತುವಾಗ ದಮ್ಮು. ಒಂದು ದಿನ ಕಫದಲ್ಲಿ ರಕ್ತದ ಗೆರೆ ಕಂಡಿತು, ಅತ್ತಿಗೆ ಹೆದರಿ ಆಸ್ಪತ್ರೆಗೆ ಎಳೆದುಕೊಂಡು ಹೋದರು. ಅಲ್ಲಿ ಎಕ್ಸ್‌ರೇ ನೋಡಿ ಟಿ.ಬಿ. ಅಂದರು. ಕಫ ಎರಡು ಸಲ ಪರೀಕ್ಷೆ ಮಾಡಿದರು, ಎರಡು ಸಲವೂ ಏನೂ ಸಿಗಲಿಲ್ಲ, ಆದರೂ ಮಾತ್ರೆ ಶುರು ಮಾಡಿದರು. ಎರಡು ತಿಂಗಳು ನುಂಗಿದ. ಮೂತ್ರ ಕೆಂಪಗಾಗಿದ್ದು ಬಿಟ್ಟರೆ ಬೇರೇನೂ ಬದಲಾಗಲಿಲ್ಲ.

ಕೊನೆಗೆ ನಾನೇ ರಜೆ ಹಾಕಿ ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆ. ಬಲ ಶ್ವಾಸಕೋಶದ ಕೆಳಭಾಗದಲ್ಲಿ 7 ಸೆಂ.ಮೀ. ಗುಂಡನೆಯ ಗಂಟು ಇದೆ, ಒಳಗೆ ಪೂರ್ತಿ ನೀರು, ಹೈಡಾಟಿಡ್ ಸಿಸ್ಟ್ (ಒಂದು ಹುಳುವಿನಿಂದ ಆಗುವ ನೀರುಗುಳ್ಳೆ ಅಂತೆ) ಇರಬಹುದು ಅಂತ ಬರೆದಿದ್ದಾರೆ. ರಕ್ತದಲ್ಲಿ ಆ ಹುಳುವಿನ ಸುಳಿವು ಹುಡುಕುವ ಎಲೈಸಾ ಪರೀಕ್ಷೆ ಮಾಡಿಸಿದೆವು, ಅದು ನೆಗೆಟಿವ್.

ಈಗ ಮೂವರು ಡಾಕ್ಟರು, ಮೂರು ಮಾತು. ಒಬ್ಬರು ಸೂಜಿ ಹಾಕಿ ಸ್ವಲ್ಪ ನೀರು ತೆಗೆದು ಪರೀಕ್ಷೆಗೆ ಕಳಿಸೋಣ, ಏನು ಅಂತ ಖಚಿತ ಆಗುತ್ತದೆ ಅನ್ನುತ್ತಾರೆ. ಇನ್ನೊಬ್ಬರು ಆರು ತಿಂಗಳು ಹುಳುವಿನ ಮಾತ್ರೆ ತಗೊಳ್ಳಲಿ ಅನ್ನುತ್ತಾರೆ. ಮೂರನೆಯವರು ಎದೆ ತೆರೆದು ಆಪರೇಷನ್ ಮಾಡಬೇಕು, ತಡ ಮಾಡಬೇಡಿ ಅಂದರು. ಅಣ್ಣನಿಗೆ ಸೂಜಿಯೇ ಇಷ್ಟ, ಯಾಕೆಂದರೆ ಅದೇ ದಿನ ಮನೆಗೆ ಹೋಗಬಹುದಲ್ಲ. ಶುಕ್ರವಾರ ಬನ್ನಿ ಅಂದಿದ್ದಾರೆ.

ನಾಯಿಯಿಂದ ಬರುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಅವ್ವ ನಮ್ಮ ಕರಿಯನನ್ನು ಎಲ್ಲಾದರೂ ದೂರ ಬಿಟ್ಟು ಬಾ ಅಂತ ದಿನಾ ಗಲಾಟೆ. ಇದು ಕ್ಯಾನ್ಸರ್ ಅಲ್ಲ ತಾನೇ? ಅಣ್ಣನ ಮಕ್ಕಳಿಗೆ ಅಂಟುತ್ತದಾ? ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಮುಕ್ಕಾಲು ಉಸಿರು

ತಂಗೀ, ಮೊದಲು ಶುಕ್ರವಾರದ್ದು ನಿಲ್ಲಿಸು. ಉಳಿದದ್ದು ಆಮೇಲೆ.

ನನಗೂ ಇದೇ ಆಗಿತ್ತು, 2019ರಲ್ಲಿ. ಕುರಿ ಕಾದವನಲ್ಲ ನಾನು, ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. ಚಿಕ್ಕಂದಿನಲ್ಲಿ ರಜೆಗೆ ಅಜ್ಜಿ ಊರಿಗೆ ಹೋದಾಗ ರೊಪ್ಪದ ಪಕ್ಕದಲ್ಲೇ ಆಟ, ನಾಯಿ ಜೊತೆಗೇ ನಿದ್ದೆ. ಆಗ ಹೊಕ್ಕಿದ್ದು ಮೂವತ್ತು ವರ್ಷ ಆದಮೇಲೆ ಕಂಡಿರಬಹುದು ಅಂತ ಡಾಕ್ಟರು ಅಂದರು, ಎಲ್ಲಿಂದ ಬಂತು ಅಂತ ಈಗ ಹೇಳಲು ಆಗಲ್ಲ ಅಂತಲೂ ಅಂದರು.

ನನ್ನದು ತಾನಾಗೇ ಒಡೆಯಿತು. ಮಧ್ಯಾಹ್ನ ಊಟ ಆಗಿ ಕೂತಿದ್ದೆ, ಒಂದು ಕೆಮ್ಮು ಬಂತು, ಅದರ ಹಿಂದೆ ಬಾಯಿ ತುಂಬ ನೀರು. ಉಪ್ಪುಪ್ಪು ನೀರು, ಸಮುದ್ರದ ನೀರು ಬಾಯಿಗೆ ಹೋದ ಹಾಗೆ. ಬೇಸಿನ್‌ಗೆ ಓಡಿದೆ. ನೀರಿನ ಜೊತೆ ಬೇಯಿಸಿದ ಮೊಟ್ಟೆಯ ಸಿಪ್ಪೆ ಒಳಗೆ ಇರುತ್ತಲ್ಲ ತೆಳು ಪೊರೆ, ಅಂಥದ್ದು ಚೂರು ಚೂರು ಬಂತು. ಹತ್ತು ನಿಮಿಷದಲ್ಲಿ ಮೈಯೆಲ್ಲ ದದ್ದು, ತುರಿಕೆ, ಕಣ್ಣು ಕತ್ತಲೆ. ಜೊತೆಯವರು ಆಟೋ ಹಿಡಿದು ಹಾಕಿಕೊಂಡು ಹೋಗದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಡಾಕ್ಟರು ಆ ಪೊರೆ ಎಲ್ಲಿ ಅಂತ ಕೇಳಿದರು, ನೀರು ಬಿಟ್ಟು ತೊಳೆದುಬಿಟ್ಟೆ ಅಂದೆ, ಚೆನ್ನಾಗಿ ಬೈದರು. ಅದನ್ನು ತಂದಿದ್ದರೆ ಅವತ್ತೇ ರೋಗ ಗೊತ್ತಾಗುತ್ತಿತ್ತಂತೆ. ಆಮೇಲೆ ಆ ಖಾಲಿ ಗೂಡಿಗೆ ಕೀವು ತುಂಬಿ, ಜ್ವರ ಬಂದು, ಕೊನೆಗೆ ಎಡಗಡೆ ಶ್ವಾಸಕೋಶದ ಕೆಳಗಿನ ಭಾಗವನ್ನೇ ತೆಗೆಯಬೇಕಾಯಿತು. ಹೆಸರು ನೋಡಿದೆಯಲ್ಲ, ಅದಕ್ಕೇ ಇಟ್ಟುಕೊಂಡಿದ್ದು.

ಒಡೆಯುವ ಮೊದಲೇ ಸಿಕ್ಕಿದ್ದು ನಿಮ್ಮ ಪುಣ್ಯ. ಒಂದು ಮಾತು ಅಣ್ಣನಿಗೆ ಹೇಳಿಡು: ಕೆಮ್ಮಿನಲ್ಲಿ ನೀರೋ ಪೊರೆಯೋ ಬಂದರೆ ಚೊಕ್ಕ ಬಾಟಲಿಯಲ್ಲಿ ಹಿಡಿದುಕೊಂಡು ನೇರ ದೊಡ್ಡ ಆಸ್ಪತ್ರೆಗೆ, ಕ್ಲಿನಿಕ್ಕಿಗಲ್ಲ.

ಎದೆಗೂಡು ಡಾಕ್ಟರ್

ಎದೆರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಸ್ಕ್ಯಾನ್ ನೋಡದೆ, ರೋಗಿಯನ್ನು ಮುಟ್ಟದೆ ಹೇಳುವ ಮಾತಿದು, ಅಷ್ಟೇ ಬೆಲೆ ಕೊಡಿ.

ಸೂಜಿ ಬೇಡ. ಈ ಗುಳ್ಳೆಯೊಳಗಿನ ನೀರು ಒತ್ತಡದಲ್ಲಿ ಇರುತ್ತದೆ, ಬಿಗಿಯಾಗಿ ಊದಿದ ಬಲೂನಿನ ಹಾಗೆ. ಚುಚ್ಚಿದರೆ ಪಕ್ಕದಲ್ಲಿ ಸೋರುತ್ತದೆ. ಆ ನೀರಿಗೆ ಮೈ ಜೋರಾಗಿ ಅಲರ್ಜಿ ತೋರಿಸಬಹುದು, ಬಿ.ಪಿ. ಕುಸಿದು ಜೀವಕ್ಕೇ ಬರಬಹುದು. ಅಷ್ಟೇ ಅಲ್ಲ, ಅದರಲ್ಲಿ ಕಣ್ಣಿಗೆ ಮರಳಿನ ಹಾಗೆ ಕಾಣುವ ಸಾವಿರಾರು ಹುಳುವಿನ ತಲೆಗಳು ತೇಲುತ್ತಿರುತ್ತವೆ. ಎದೆಯೊಳಗೆ ಚೆಲ್ಲಿದರೆ ಒಂದೊಂದೂ ಹೊಸ ಗುಳ್ಳೆ ಆಗಬಲ್ಲದು. ಒಂದಕ್ಕೆ ಹತ್ತು ಮಾಡಿಕೊಂಡಂತೆ.

ಗೊಂದಲ ಎಲ್ಲಿಂದ ಬಂತು ಅಂತಲೂ ಹೇಳುತ್ತೇನೆ. ಲಿವರ್‌ನಲ್ಲಿ ಇದೇ ಗುಳ್ಳೆ ಇದ್ದರೆ, ಕೆಲವು ಬಗೆಯವಕ್ಕೆ, ಅಲ್ಟ್ರಾಸೌಂಡ್ ನೋಡುತ್ತಾ ಸೂಜಿಯಿಂದ ನೀರು ತೆಗೆದು, ಹುಳು ಸಾಯುವ ದ್ರಾವಣ ತುಂಬಿ, ಮತ್ತೆ ಹೀರಿ ತೆಗೆಯುವ ಚಿಕಿತ್ಸೆ ಇದೆ. ಮೊದಲೇ ಮಾತ್ರೆ ಕೊಟ್ಟು, ಅಲರ್ಜಿಗೆ ಎಲ್ಲ ತಯಾರಿ ಮಾಡಿಕೊಂಡು ಅನುಭವ ಇದ್ದವರು ಮಾಡುತ್ತಾರೆ. ಅದು ಲಿವರ್‌ಗೆ. ಶ್ವಾಸಕೋಶಕ್ಕೆ ಅದು ಸಲ್ಲದು. ಶ್ವಾಸಕೋಶದ ಗಂಟು ಅಂದ ಕೂಡಲೇ ಸೂಜಿ ಹಾಕಿ ನೋಡುವುದು ಕ್ಯಾನ್ಸರ್ ಅನುಮಾನದಲ್ಲಿ ನಮ್ಮ ರೂಢಿ, ಆ ರೂಢಿ ಇಲ್ಲಿ ಕಾಲು ಜಾರಿಸುತ್ತದೆ.

ಎಲೈಸಾ ನೆಗೆಟಿವ್ ಬಂದಿದ್ದಕ್ಕೆ ರೋಗ ಇಲ್ಲ ಅಂದುಕೊಳ್ಳಬೇಡಿ. ಗುಳ್ಳೆ ಒಡೆಯದೆ ಇದ್ದರೆ ಒಳಗಿನ ವಸ್ತು ರಕ್ತಕ್ಕೆ ಸಿಗುವುದೇ ಇಲ್ಲ, ಮೈಗೆ ಅದರ ಸುಳಿವೇ ಇರಲ್ಲ. ಶ್ವಾಸಕೋಶದ ಗುಳ್ಳೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಈ ಪರೀಕ್ಷೆ ನೆಗೆಟಿವ್ ಬರಬಹುದು. ಇಯೋಸಿನೋಫಿಲ್ ಅನ್ನುವ ಬಿಳಿ ರಕ್ತಕಣ ಜಾಸ್ತಿ ಇದೆಯಾ ಇಲ್ಲವಾ ಅನ್ನುವುದೂ ಅಷ್ಟೇ, ನಂಬಿ ಕೂರುವ ಹಾಗಿಲ್ಲ. ಇಲ್ಲಿ ರೋಗ ಹಿಡಿದುಕೊಡುವುದು ಸ್ಕ್ಯಾನ್ ಮತ್ತು ನೀವು ಬರೆದಿರುವ ಆ ಎಪ್ಪತ್ತು ಕುರಿ, ಒಂದು ನಾಯಿ. ನಯವಾದ ಅಂಚು, ಒಳಗೆ ನೀರಿನಷ್ಟೇ ಸಾಂದ್ರತೆ, ಬಣ್ಣದ ಇಂಜೆಕ್ಷನ್ ಕೊಟ್ಟರೂ ಒಳಭಾಗ ಬೆಳಗದೆ ಇರುವುದು, ಇವೆಲ್ಲ ಈ ಕಡೆಗೇ ಕೈ ತೋರಿಸುತ್ತವೆ. ಕ್ಯಾನ್ಸರ್ ಹೀಗೆ ಶುದ್ಧ ನೀರಿನ ಗುಳ್ಳೆಯಾಗಿ ಕಾಣುವುದು ಅಪರೂಪ. ಪೊರೆ ಬಿಡಿಸಿಕೊಳ್ಳಲು ಶುರುವಾದರೆ ಮೇಲ್ತುದಿಯಲ್ಲಿ ಬಿದಿಗೆ ಚಂದ್ರನ ಹಾಗೆ ಗಾಳಿಯ ಗೆರೆ ಕಾಣುತ್ತದೆ. ಒಡೆದು ಅರ್ಧ ನೀರು ಹೋದಮೇಲೆ ಪೊರೆ ಉಳಿದ ನೀರಿನ ಮೇಲೆ ಕೆರೆಯ ನೈದಿಲೆ ಎಲೆಯಂತೆ ತೇಲುತ್ತಿರುತ್ತದೆ. ಪುಸ್ತಕದಲ್ಲೂ ಅದಕ್ಕೆ ನೈದಿಲೆಯ ಹೆಸರೇ ಇದೆ. ನಿಮ್ಮ ವರದಿಯಲ್ಲಿ ಗಾಳಿಯ ಗೆರೆ ಬಗ್ಗೆ ಏನಾದರೂ ಇದೆಯಾ ನೋಡಿ ಹೇಳಿ, ಇದ್ದರೆ ಅವಸರ ಜಾಸ್ತಿ.

ಇನ್ನು ಮಾತ್ರೆ. ಅಲ್ಬೆಂಡಜೋಲ್. ಶಾಲೆಯಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಮಕ್ಕಳಿಗೆ ಹುಳುವಿಗೆ ಅಂತ ಕೊಡುತ್ತಾರಲ್ಲ, ಅದೇ. ಅಲ್ಲಿ ಒಂದೇ ಒಂದು, ಇಲ್ಲಿ ದೊಡ್ಡವರಿಗೆ ಸಾಮಾನ್ಯವಾಗಿ 400 ಮಿಲಿಗ್ರಾಂ ದಿನಕ್ಕೆ ಎರಡು ಸಲ, ತಿಂಗಳುಗಟ್ಟಲೆ. 5 ಸೆಂ.ಮೀ.ಗಿಂತ ಚಿಕ್ಕದಿದ್ದರೆ, ಆಪರೇಷನ್ ತಡೆಯುವ ಶಕ್ತಿ ಇಲ್ಲದಿದ್ದರೆ, ಅಥವಾ ಎಲ್ಲ ಕಡೆ ಹತ್ತಾರು ಗುಳ್ಳೆ ಇದ್ದರೆ ಮಾತ್ರೆಯಲ್ಲೇ ನೋಡಬಹುದು. 7 ಸೆಂ.ಮೀ.ಗೆ, ಅದೂ 36ರ ಗಟ್ಟಿ ಮನುಷ್ಯನಿಗೆ, ಬರೀ ಮಾತ್ರೆ ನಾನು ಹೇಳುವುದಿಲ್ಲ. ಮಾತ್ರೆಯಿಂದ ಒಳಪೊರೆ ಸತ್ತು ಮೆತ್ತಗಾಗಿ ಗುಳ್ಳೆ ಅಲ್ಲೇ ಒಡೆಯಬಹುದು. ಮೇಲಿನ ಗೆಳೆಯರಿಗೆ ಸೊಸೈಟಿಯಲ್ಲಿ ಆಗಿದ್ದು ನಿಮ್ಮ ಅಣ್ಣನಿಗೆ ಹೊಲದಲ್ಲಿ ಆಗುತ್ತದೆ, ಆಟೋ ಸಿಗದ ಜಾಗದಲ್ಲಿ.

ಹಾಗಾಗಿ ಮೂರನೆಯ ಡಾಕ್ಟರ ಮಾತೇ ಸರಿ. ಹೊಟ್ಟೆಯ ಅಲ್ಟ್ರಾಸೌಂಡ್ ಆಗಿಲ್ಲ ಅಂತ ಕಾಣುತ್ತದೆ, ಮಾಡಿಸಿ. ಈ ಹುಳುವಿನ ಮೊದಲ ತಂಗುದಾಣ ಲಿವರ್, ಅಲ್ಲಿ ತಪ್ಪಿಸಿಕೊಂಡಿದ್ದು ಶ್ವಾಸಕೋಶಕ್ಕೆ ಬರುತ್ತದೆ. ಟಿ.ಬಿ. ಮಾತ್ರೆ ನೀವೇ ನಿಲ್ಲಿಸಬೇಡಿ, ಸ್ಕ್ಯಾನ್ ತೋರಿಸಿ ಕೊಟ್ಟವರನ್ನೇ ಕೇಳಿ, ಕಫದಲ್ಲಿ ಟಿ.ಬಿ. ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಆಗಿಲ್ಲದಿದ್ದರೆ ಅದನ್ನೂ ಕೇಳಿ. ನಮ್ಮಲ್ಲಿ ಕೆಮ್ಮು, ರಕ್ತ ಅಂದರೆ ಟಿ.ಬಿ.ಯೇ ಮೊದಲು ನೆನಪಾಗುವುದು, ಅದು ತಪ್ಪಲ್ಲ. ಎರಡು ಸಲ ಕಫ ಸ್ವಚ್ಛ ಬಂದಮೇಲೂ ಬೇರೆ ಯೋಚನೆ ಮಾಡದೆ ಇದ್ದದ್ದು ತಪ್ಪು.

ಮಕ್ಕಳಿಗೆ ಅಣ್ಣನಿಂದ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ. ಆದರೆ ಅಣ್ಣನಿಗೆ ಎಲ್ಲಿಂದ ಬಂತೋ ಅಲ್ಲಿಂದಲೇ ಅವರಿಗೂ ಬಂದಿರಬಹುದಲ್ಲ? ಅವರಿಗೂ ಒಂದು ಎದೆ ಎಕ್ಸ್‌ರೇ, ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿಬಿಡಿ.

ಪ್ರಕೃತಿ ಪ್ರಿಯ

ಪರಂಗಿ ಬೀಜ ಅರೆದು ಜೇನುತುಪ್ಪದ ಜೊತೆ 21 ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡಿ. ಎಂಥಾ ಲಾಡಿಹುಳು ಇದ್ದರೂ ಬೀಳುತ್ತದೆ. ಎದೆ ಕೊಯ್ಯಿಸಿಕೊಳ್ಳುವ ಮೊದಲು ಇದೊಂದು ನೋಡಿ, ಕಳೆದುಕೊಳ್ಳುವುದು ಏನಿದೆ?

ಎದೆಗೂಡು ಡಾಕ್ಟರ್

@ಪ್ರಕೃತಿ ಪ್ರಿಯ, 21 ದಿನ ಕಳೆದುಕೊಳ್ಳುತ್ತಾರೆ. ಲಾಡಿಹುಳು ಇರುವುದು ನಾಯಿಯ ಕರುಳಿನಲ್ಲಿ ಸ್ವಾಮಿ, ಇವರ ಅಣ್ಣನ ಹೊಟ್ಟೆಯಲ್ಲಿ ಬೀಳಲಿಕ್ಕೆ ಯಾವ ಹುಳುವೂ ಇಲ್ಲ. ಇವರೊಳಗೆ ಇರುವುದು ಅದರ ಮರಿ ಹಂತ, ಅದೂ ಮೂರು ಪದರದ ಗೋಡೆ ಕಟ್ಟಿಕೊಂಡು ಕೂತಿದೆ. ಪರಂಗಿ ಬೀಜ ಆ ಬಾಗಿಲು ತಟ್ಟುವುದೂ ಇಲ್ಲ.

ತುಂಗೆ ದಡ

ಸುಮ್ನೆ ಒಂದು ಅನುಮಾನ. ನಮ್ಮ ಮಲೆನಾಡಿನಲ್ಲಿ ಏಡಿ ತಿಂದರೂ ಶ್ವಾಸಕೋಶಕ್ಕೆ ಹುಳು ಹೋಗುತ್ತದೆ ಅಂತ ಎಲ್ಲೋ ಓದಿದೆ. ಇದೂ ಅದೇನಾ?

ಎದೆಗೂಡು ಡಾಕ್ಟರ್

ಅಲ್ಲ, ಅದು ಬೇರೆ ಹುಳು, ಪ್ಯಾರಗೋನಿಮಸ್ ಅಂತ. ಮಣಿಪುರ, ನಾಗಾಲ್ಯಾಂಡ್, ಅರುಣಾಚಲದ ಕಡೆ ಸಿಹಿನೀರಿನ ಏಡಿಯನ್ನು ಹಸಿಯಾಗಿ ಅಥವಾ ಅರೆಬೆಂದದ್ದು ತಿಂದವರಲ್ಲಿ ಕಾಣುತ್ತದೆ. ಅದನ್ನೂ ಟಿ.ಬಿ. ಅಂತಲೇ ತಪ್ಪು ತಿಳಿಯುತ್ತಾರೆ. ಆದರೆ ಅದಕ್ಕೆ ಮಾತ್ರೆ ಸಾಕು, ಪ್ರಾಜಿಕ್ವಾಂಟೆಲ್. ನಿಮ್ಮ ಏಡಿ ಸಾರು ಚೆನ್ನಾಗಿ ಕುದ್ದಿದ್ದರೆ ಧೈರ್ಯವಾಗಿ ಉಣ್ಣಿ.

ರೊಪ್ಪದ ಪಶುವೈದ್ಯ

ನಾಯಿ ವಿಷಯ ಯಾರೂ ಸರಿಯಾಗಿ ಹೇಳಲಿಲ್ಲ, ನನ್ನ ಪಾಲು ನಾನು ಹೇಳುತ್ತೇನೆ. ತಂಗೀ, ಕರಿಯನನ್ನು ಬಿಟ್ಟು ಬರಬೇಡಿ. ನೀವು ದೂರ ಬಿಟ್ಟರೆ ಇನ್ನೊಂದು ಊರಿಗೆ ಹೊರೆ, ನಿಮ್ಮ ರೊಪ್ಪಕ್ಕೆ ಬೇರೆ ನಾಯಿ ಬಂದೇ ಬರುತ್ತದೆ.

ಇದು ನಡೆಯುವುದು ಹೀಗೆ. ಜಾತ್ರೆಯಲ್ಲೋ ಮಾರಿಹಬ್ಬದಲ್ಲೋ ಮರಿ ಕೊಯ್ಯುತ್ತೀರಿ. ಲಿವರ್ ಅಥವಾ ಶ್ವಾಸಕೋಶದಲ್ಲಿ ನೀರು ತುಂಬಿದ ಬಿಳಿ ಗುಳ್ಳೆ ಕಂಡರೆ ಅಸಹ್ಯ ಅಂತ ಆ ತುಂಡನ್ನು ಕೊಯ್ದು ನಾಯಿಗೆ ಎಸೆಯುತ್ತೀರಿ. ಮಾಂಸ ಕೊಯ್ಯುವವರನ್ನು ಕೇಳಿ ನೋಡಿ, ಆ ಗುಳ್ಳೆ ನೋಡದವರು ಅವರಲ್ಲಿ ಯಾರೂ ಇರಲ್ಲ. ನಾಯಿಗೆ ಅದು ಹಬ್ಬ. ಗುಳ್ಳೆಯೊಳಗಿನ ಒಂದೊಂದು ತಲೆಯೂ ನಾಯಿಯ ಕರುಳಿನಲ್ಲಿ ಒಂದೊಂದು ಲಾಡಿಹುಳು ಆಗುತ್ತದೆ. ಲಾಡಿಹುಳು ಅಂದರೆ ಮಾರುದ್ದ ಅಂದುಕೊಳ್ಳಬೇಡಿ, ಇದು ಹೆಚ್ಚೆಂದರೆ 7 ಮಿಲಿಮೀಟರ್, ಮಲದಲ್ಲಿ ಹುಡುಕಿದರೂ ಕಾಣುವುದು ಕಷ್ಟ. ಸಾವಿರಗಟ್ಟಲೆ ಇದ್ದರೂ ನಾಯಿ ಸೊರಗುವುದಿಲ್ಲ, ಕುಣಿದುಕೊಂಡೇ ಇರುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ಒಂದೂವರೆ ತಿಂಗಳಿನ ಹೊತ್ತಿಗೆ ಮೊಟ್ಟೆ ಮಲದಲ್ಲಿ ಬರಲು ಶುರು. ಆ ಮೊಟ್ಟೆ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ. ನಾಯಿ ತನ್ನ ಹಿಂಭಾಗ ನೆಕ್ಕಿ ಅದೇ ನಾಲಿಗೆಯಲ್ಲಿ ಮೈ ನೆಕ್ಕಿಕೊಳ್ಳುತ್ತದೆ, ಆ ಮೈ ಸವರಿದ ಕೈಯಲ್ಲಿ ಮಗು ಮಂಡಕ್ಕಿ ತಿನ್ನುತ್ತದೆ. ಅಥವಾ ಹೊಲದಿಂದ ಕಿತ್ತ ಸೊಪ್ಪನ್ನು, ಮೂಲಂಗಿಯನ್ನು ತೊಳೆಯದೆ ಬಾಯಿಗೆ ಹಾಕಿಕೊಳ್ಳುವುದು.

ಇಲ್ಲೊಂದು ಮಾತು ಎಲ್ಲರೂ ತಪ್ಪು ತಿಳಿಯುತ್ತಾರೆ. ಕುರಿ ಮಾಂಸ ತಿಂದು ಈ ರೋಗ ಬರುವುದಿಲ್ಲ. ಗುಳ್ಳೆ ಇರುವ ಲಿವರ್ ಮನುಷ್ಯ ತಿಂದರೂ ಗುಳ್ಳೆ ಆಗುವುದಿಲ್ಲ. ನಡುವೆ ನಾಯಿ ಇರಲೇಬೇಕು. ಮಾಂಸ ಮುಟ್ಟದವರಿಗೂ ಬರುತ್ತದೆ, ಬಂದಿದ್ದನ್ನು ಕಂಡಿದ್ದೇನೆ.

ಮಾಡಬೇಕಾದದ್ದು ಕಡಿಮೆ. ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ, ನಾಯಿಯ ತೂಕ ಕಿಲೋಗೆ 5 ಮಿಲಿಗ್ರಾಂ ಲೆಕ್ಕ. ಆರು ವಾರಕ್ಕೊಮ್ಮೆ ಕೊಟ್ಟರೆ ಹುಳು ಮೊಟ್ಟೆ ಇಡುವ ವಯಸ್ಸಿಗೇ ಬರುವುದಿಲ್ಲ, ಆಗದಿದ್ದರೆ ಮೂರು ತಿಂಗಳಿಗೊಮ್ಮೆಯಾದರೂ ಕೊಡಿ. ಮನೆಯಲ್ಲಿದೆ ಅಂತ ಬೇರೆ ಹುಳುವಿನ ಮಾತ್ರೆ ಹಾಕಬೇಡಿ. ಕೊಟ್ಟ ಎರಡು ಮೂರು ದಿನ ಅದರ ಮಲವನ್ನು ಗುಂಡಿ ತೋಡಿ ಹೂತುಬಿಡಿ, ಯಾಕೆಂದರೆ ಈ ಮಾತ್ರೆ ಹುಳು ಕೊಲ್ಲುತ್ತದೆ, ಮೊಟ್ಟೆ ಕೊಲ್ಲುವುದಿಲ್ಲ. ಮೊಟ್ಟೆ ತಂಪು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಫಿನಾಯಿಲ್‌ಗೆ ಜಗ್ಗಲ್ಲ, ಬಿಸಿಲು ಮತ್ತು ಕುದಿಯುವ ನೀರಿಗೆ ಸಾಯುತ್ತದೆ. ಇನ್ನು ಆ ಗುಳ್ಳೆಯ ತುಂಡನ್ನು ಎಸೆಯಬೇಡಿ, ಸುಡಿ, ಇಲ್ಲವೇ ನಾಯಿ ಕೆದಕದಷ್ಟು ಆಳಕ್ಕೆ ಹೂಳಿ. ನಾಯಿಗೆ ಕೊಡಲೇಬೇಕು ಅಂದರೆ ಅರ್ಧ ಗಂಟೆಯಾದರೂ ಕುದಿಸಿ ಕೊಡಿ.

ಇದೆಲ್ಲ ನಮ್ಮಲ್ಲಿ ಆಗದ ಮಾತು ಅನ್ನುವವರಿಗೆ ಒಂದು ಕತೆ. ಐಸ್‌ಲೆಂಡಿನಲ್ಲೂ ಒಂದು ಕಾಲಕ್ಕೆ ಕುರಿ ಸಾಕುವವರೇ ಜಾಸ್ತಿ, ಈ ರೋಗ ಮನೆಮನೆಯಲ್ಲಿ. ಡೆನ್ಮಾರ್ಕಿನ ಹಾರಾಲ್ಡ್ ಕ್ರಾಬೆ 1863ರಲ್ಲಿ ಅಲ್ಲಿಗೆ ಹೋಗಿ ನೂರು ನಾಯಿಗಳ ಕರುಳು ಬಿಡಿಸಿ ನೋಡಿದ, 28ರಲ್ಲಿ ಈ ಹುಳು ಸಿಕ್ಕಿತು. ಮರುವರ್ಷವೇ ಇದನ್ನೆಲ್ಲ ಬಿಡಿಸಿ ಹೇಳುವ ಪುಟ್ಟ ಪುಸ್ತಕ ಬರೆದು ಅಲ್ಲಿನ ಜನರ ಭಾಷೆಯಲ್ಲೇ ಮನೆಮನೆಗೆ ಹಂಚಿಸಿದರು. ಆಗ ಪ್ರಾಜಿಕ್ವಾಂಟೆಲ್ಲೂ ಇರಲಿಲ್ಲ, ಸ್ಕ್ಯಾನೂ ಇರಲಿಲ್ಲ. ಓದಿದ ಜನ ಗುಳ್ಳೆಗಳನ್ನು ನಾಯಿಗೆ ಎಸೆಯುವುದು ಬಿಟ್ಟರು, ನಾಯಿಗಳ ಮೇಲೆ ಕಾನೂನೂ ಬಂತು, ರೋಗ ಆ ದೇಶದಿಂದಲೇ ಹೋಯಿತು. ನ್ಯೂಜಿಲೆಂಡೂ 2002ರಲ್ಲಿ ನಮ್ಮಲ್ಲಿ ಇನ್ನಿಲ್ಲ ಅಂತ ಹೇಳಿತು. ಅವರದು ಸುತ್ತ ಸಮುದ್ರ ಇರುವ ದ್ವೀಪ, ಬೀದಿನಾಯಿ ಕಾಟವೂ ನಮ್ಮಷ್ಟಿಲ್ಲ, ಒಪ್ಪಿದೆ. ಆದರೂ ನಿಮ್ಮ ಹಟ್ಟಿಯ ಹತ್ತು ನಾಯಿಗೆ ಮಾತ್ರೆ ಹಾಕಲು ಸಮುದ್ರ ಬೇಕಾಗಿಲ್ಲ ಅಲ್ವಾ?

ಹಿರಿಯೂರಿನ ತಂಗಿ

ನಾಲ್ಕು ದಿನ ಆಯಿತು ಬರೆದು, ಎಲ್ಲರಿಗೂ ಕೈ ಮುಗಿಯುತ್ತೇನೆ. ಸೂಜಿ ಬೇಡ ಅಂತ ಹೇಳಿದೆವು. ಆ ಡಾಕ್ಟರು ಸಿಟ್ಟಾಗಲಿಲ್ಲ, ಇನ್ನೊಂದು ಸಲ ಸ್ಕ್ಯಾನ್ ಹಿಡಿದು ನೋಡಿ ಹೌದು, ಬೇಡ ಅಂತ ಅವರೇ ಒಪ್ಪಿದರು.

ಹೊಟ್ಟೆಯ ಸ್ಕ್ಯಾನ್ ಮಾಡಿಸಿದೆವು, ಲಿವರ್‌ನಲ್ಲೂ ಒಂದು ಇದೆ, 3 ಸೆಂ.ಮೀ. ವರದಿಯಲ್ಲಿ ಗಾಳಿಯ ಗೆರೆ ಅಂತ ಏನೂ ಬರೆದಿಲ್ಲ. ಮಕ್ಕಳಿಬ್ಬರದೂ ಸ್ವಚ್ಛ ಬಂತು, ಅತ್ತಿಗೆ ಆಸ್ಪತ್ರೆಯಲ್ಲೇ ಕೂತು ಅತ್ತರು. ಟಿ.ಬಿ. ಮಾತ್ರೆ ಕೊಟ್ಟವರಿಗೂ ಸ್ಕ್ಯಾನ್ ತೋರಿಸಿದೆವು. ಸಿಬಿನ್ಯಾಟ್ ಕೂಡ ನೆಗೆಟಿವ್ ಬಂದಮೇಲೆ ಅವರೇ ನಿಲ್ಲಿಸಿದರು.

ಈಗ ಮೂರು ಪ್ರಶ್ನೆ. ಲಿವರ್‌ನಲ್ಲಿ ಇರುವುದಕ್ಕೂ ಆಪರೇಷನ್ ಬೇಕಾ? ಆಪರೇಷನ್ ತನಕ ಅಲ್ಬೆಂಡಜೋಲ್ ಶುರು ಮಾಡೋಣವಾ, ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆಯೇ ಕೊಡುತ್ತೇನೆ ಅಂದರು. ಮತ್ತೆ ಖರ್ಚು. ಮರಿ ಮಾರಿದರೂ ಸಾಲುವ ಹಾಗೆ ಕಾಣುತ್ತಿಲ್ಲ.

ಎದೆಗೂಡು ಡಾಕ್ಟರ್

ಚೀಟಿ ಇಲ್ಲದ ಮಾತ್ರೆ ಬೇಡ. ಶ್ವಾಸಕೋಶದ ಗುಳ್ಳೆಗೆ ಆಪರೇಷನ್ ಮೊದಲು ಅಲ್ಬೆಂಡಜೋಲ್ ಕೊಡಬೇಕಾ ಅನ್ನುವುದರಲ್ಲಿ ನಮ್ಮವರಲ್ಲೇ ಎರಡು ಪಂಗಡ. ಒಳಗಿನ ಹುಳು ಸತ್ತರೆ ಚೆಲ್ಲಿದರೂ ಅಪಾಯ ಕಡಿಮೆ ಅಂತ ಕೆಲವರು, ಗೋಡೆ ಮೆತ್ತಗಾಗಿ ಆಪರೇಷನ್ ಟೇಬಲ್ ತಲುಪುವ ಮೊದಲೇ ಒಡೆಯುತ್ತದೆ ಅಂತ ಇನ್ನು ಕೆಲವರು. ದೊಡ್ಡ, ಒಡೆಯದ ಗುಳ್ಳೆಗೆ ನಾನು ಎರಡನೆಯವರ ಕಡೆ. ಕೊಯ್ಯುವವರು ಯಾರೋ ಅವರ ಮಾತೇ ಕೊನೆ.

ಲಿವರ್‌ನ ಆ ಚಿಕ್ಕದಕ್ಕೆ ಆಪರೇಷನ್ ನಂತರ ಕೊಡುವ ಮಾತ್ರೆಯೇ ಸಾಕಾಗಬಹುದು. ಮೂರು ತಿಂಗಳು, ಕೆಲವೊಮ್ಮೆ ಜಾಸ್ತಿ. ಆ ಮಾತ್ರೆಯನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು, ಅದೂ ಎಣ್ಣೆಯೋ ತುಪ್ಪವೋ ಇರುವ ಊಟ. ಜಿಡ್ಡು ಇದ್ದರೆ ಖಾಲಿ ಹೊಟ್ಟೆಗಿಂತ ಐದು ಪಟ್ಟು ತನಕ ಜಾಸ್ತಿ ರಕ್ತಕ್ಕೆ ಸೇರುತ್ತದೆ. ಇಲ್ಲಿ ಮಾತ್ರ ತುಪ್ಪ ಹಾಕಿಕೋ ಅಂತ ಡಾಕ್ಟರೇ ಹೇಳುವುದು. ಮೊದಮೊದಲು ಎರಡು ವಾರಕ್ಕೊಮ್ಮೆ ಲಿವರ್ ಪರೀಕ್ಷೆ, ಬಿಳಿ ರಕ್ತಕಣದ ಎಣಿಕೆ ಮಾಡಿಸಬೇಕು, ಇದನ್ನು ಬಿಡಬೇಡಿ. ಕೂದಲು ಸ್ವಲ್ಪ ಉದುರಿದರೆ ಹೆದರಬೇಡಿ, ಮತ್ತೆ ಬರುತ್ತದೆ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ ಅಂತ ಅಣ್ಣನಿಗೆ ಹೇಳಿ, ತಿಳಿದರೆ ಭಯ ಕಡಿಮೆ. ಎರಡು ನಾಳ ಇರುವ ಟ್ಯೂಬ್ ಹಾಕಿ ಎಡ ಬಲ ಶ್ವಾಸಕೋಶಗಳನ್ನು ಬೇರೆ ಬೇರೆಯಾಗಿ ಉಸಿರಾಡಿಸುತ್ತಾರೆ, ಗುಳ್ಳೆ ಒಡೆದರೂ ಒಳ್ಳೆಯ ಕಡೆಗೆ ನೀರು ಹೋಗಬಾರದಲ್ಲ. ಪಕ್ಕೆಲುಬುಗಳ ನಡುವೆ ತೆರೆದು, ಗುಳ್ಳೆಯ ಸುತ್ತ ಗಟ್ಟಿ ಉಪ್ಪುನೀರಿನಲ್ಲೋ ಪೊವಿಡೋನ್ ಅಯೋಡಿನ್‌ನಲ್ಲೋ ಅದ್ದಿದ ಬಟ್ಟೆ ಮುಚ್ಚುತ್ತಾರೆ, ಚೆಲ್ಲಿದರೆ ಅಲ್ಲೇ ಸಾಯಲಿ ಅಂತ. ಆಮೇಲೆ ನೀರು ಹೀರಿ, ಒಳಗಿನ ಬಿಳಿ ಪೊರೆಯನ್ನು ಪೂರ್ತಿ ಎಳೆದು ತೆಗೆಯುತ್ತಾರೆ. ಆ ಗೂಡಿನ ತಳದಲ್ಲಿ ಗಾಳಿ ಸೋರುವ ಸಣ್ಣ ಸಣ್ಣ ತೂತು ಇರುತ್ತವೆ, ಅವನ್ನು ಹೊಲಿದು, ಗೂಡನ್ನೂ ಹೊಲಿದು ಮುಚ್ಚುತ್ತಾರೆ. ಒಡೆಯದ ಗುಳ್ಳೆಯಲ್ಲಿ ಸಾಮಾನ್ಯವಾಗಿ ಶ್ವಾಸಕೋಶ ಕತ್ತರಿಸಿ ತೆಗೆಯಬೇಕಾಗಿಲ್ಲ, ಒತ್ತಿ ಹೋಗಿದ್ದ ಭಾಗ ಮತ್ತೆ ಅರಳುತ್ತದೆ. ಕೆಲವು ದಿನ ಪಕ್ಕೆಯಲ್ಲಿ ಟ್ಯೂಬ್, ಮೂರು ಚೆಂಡಿನ ಡಬ್ಬಿಯಲ್ಲಿ ಉಸಿರು ಊದುವ ಅಲ್ಲ, ಒಳಗೆ ಎಳೆಯುವ ವ್ಯಾಯಾಮ. ಎಲ್ಲರೂ ಮೊದಲ ದಿನ ಊದುತ್ತಾರೆ.

ಅಕ್ಕಪಕ್ಕದ ಅಕ್ಕ

ಖರ್ಚಿನ ಬಗ್ಗೆ ನಾನು ಹೇಳುತ್ತೇನೆ, ನನ್ನ ಮೈದುನನ ಆಪರೇಷನ್‌ಗೆ ಓಡಾಡಿದ್ದೇನೆ. ಬಿ.ಪಿ.ಎಲ್. ಕಾರ್ಡ್ ಇದೆಯಲ್ಲ? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದ ತನಕ ಆಗುತ್ತದೆ. ನೇರ ಖಾಸಗಿಗೆ ಹೋಗಿ ಸೇರಿಕೊಂಡರೆ ಆಮೇಲೆ ಕಾರ್ಡ್ ತೋರಿಸಿದರೂ ಕಷ್ಟ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಅವರಿಂದ ರೆಫರಲ್ ಚೀಟಿ ಬರೆಸಿಕೊಳ್ಳಿ. ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಹತ್ತಿರವೇ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ, ಅಲ್ಲೂ ವಿಚಾರಿಸಿ. ಆಧಾರ್, ರೇಷನ್ ಕಾರ್ಡ್ ಎರಡರದ್ದೂ ಐದೈದು ಜೆರಾಕ್ಸ್ ಇರಲಿ, ಒಂದು ಕೌಂಟರಿಗೆ ಒಂದು.

ಹಿರಿಯೂರಿನ ತಂಗಿ

ಏಳು ವಾರ ಆದಮೇಲೆ ಬರೆಯುತ್ತಿದ್ದೇನೆ, ಮರೆತಿಲ್ಲ.

ಆಪರೇಷನ್ ಆಯಿತು. ಎರಡೂವರೆ ಗಂಟೆ. ಒಡೆಯದೆ ಬಂತು, ಏನನ್ನೂ ಕತ್ತರಿಸಲಿಲ್ಲ. ಡಾಕ್ಟರು ಪೊರೆಯನ್ನು ಬಾಟಲಿಯಲ್ಲಿ ತೋರಿಸಿದರು, ಎಳನೀರಿನ ಎಳೆ ಗಂಜಿಯ ಹಾಗೆ ಬೆಳ್ಳಗೆ, ಮೆತ್ತಗೆ ಇತ್ತು. ಪರೀಕ್ಷೆಯಲ್ಲಿ ಹೈಡಾಟಿಡ್ ಅಂತಲೇ ಬಂತು. ಟ್ಯೂಬ್ ಆರನೇ ದಿನ ತೆಗೆದರು. ಅದಿರುವಾಗ ಮಾತ್ರ ಬಹಳ ನೋವು ಅಂತ ಒದ್ದಾಡಿದ, ನೋವಿನ ಮಾತ್ರೆ ಸಾಲಲಿಲ್ಲ. ಹೌದು, ಮೊದಲ ದಿನ ಊದಿದ. ನರ್ಸ್ ನಕ್ಕರು.

ಬಿಲ್ ಪೂರ್ತಿ ಕಾರ್ಡಿನಲ್ಲೇ ಆಯಿತು, ಓಡಾಟ, ಊಟ, ಹೊರಗಿನ ಸ್ಕ್ಯಾನ್ ನಮ್ಮದು. ಐದು ಜೆರಾಕ್ಸ್ ಸಾಲಲಿಲ್ಲ ಅಕ್ಕಾ, ಎಂಟು ಬೇಕಾಯಿತು.

ಈಗ ಅಲ್ಬೆಂಡಜೋಲ್ ನಡೆಯುತ್ತಿದೆ, ಮುದ್ದೆ ಊಟಕ್ಕೆ ತುಪ್ಪ ಹಾಕಿಕೊಂಡು ತಿನ್ನುತ್ತಾನೆ. ಎರಡು ಲಿವರ್ ಪರೀಕ್ಷೆ ಆಗಿವೆ, ಸರಿ ಇದೆ. ಕುರಿ ಹಿಂದೆ ಇನ್ನೂ ಹೋಗುತ್ತಿಲ್ಲ, ಅತ್ತಿಗೆಯ ತಮ್ಮ ಬಂದಿದ್ದಾನೆ.

ಕರಿಯ ಮನೆಯಲ್ಲೇ ಇದ್ದಾನೆ. ಪಶುವೈದ್ಯರೇ, ನೀವು ಹೇಳಿದ ಮಾತ್ರೆಯನ್ನು ಬೆಲ್ಲದಲ್ಲಿ ಇಟ್ಟು ಕೊಟ್ಟೆವು, ಬೆಲ್ಲ ತಿಂದು ಮಾತ್ರೆ ಉಗಿದ. ಆಮೇಲೆ ಅವ್ವನೇ ಬಾಯಿ ತೆರೆದು ಗಂಟಲಿಗೆ ಹಾಕಿದಳು. ಹಟ್ಟಿಯಲ್ಲಿ ಇನ್ನೂ ಎಂಟು ನಾಯಿ ಇವೆ, ಮೂರಕ್ಕೆ ಯಜಮಾನರೇ ಇಲ್ಲ. ಅವಕ್ಕೆ ಹೇಗೆ ಕೊಡುವುದು, ಅದೊಂದು ಹೇಳಿ.

ರೊಪ್ಪದ ಪಶುವೈದ್ಯ

ಬೆಲ್ಲಕ್ಕೆ ಯಾವ ನಾಯಿಯೂ ಮೋಸ ಹೋಗಲ್ಲ. ಮಾತ್ರೆ ಪುಡಿ ಮಾಡಬೇಡಿ, ಕಹಿ ಗೊತ್ತಾಗುತ್ತದೆ. ಬೇಯಿಸಿದ ಕೋಳಿ ಮಾಂಸದ ತುಂಡಿನೊಳಗೆ ಸೀಳಿ ಇಟ್ಟು, ಮೊದಲು ಎರಡು ಖಾಲಿ ತುಂಡು ಎಸೆದು ಮೂರನೆಯದಾಗಿ ಅದನ್ನು ಎಸೆಯಿರಿ, ಅಗಿಯದೆ ನುಂಗುತ್ತವೆ. ಒಂದೊಂದು ನಾಯಿಯನ್ನು ಬೇರೆ ಬೇರೆ ಕರೆದು ಕೊಡಿ, ಇಲ್ಲದಿದ್ದರೆ ಒಂದೇ ಎರಡು ನುಂಗುತ್ತದೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮಾತ್ರೆ ಇದೆಯಾ ಕೇಳಿ. ನಿಮ್ಮ ಊರಿನ ಜಾತ್ರೆ ಯಾವಾಗ? ಅದಾಗಿ ಒಂದು ತಿಂಗಳಿಗೆ ಎಲ್ಲಕ್ಕೂ ಇನ್ನೊಂದು ಸುತ್ತು ಹಾಕಿಬಿಡಿ.